ಸಂಶೋಧನೆಗೆ ಜನರ ಹಣ. ಮದ್ದು ಯಾರ ಪಾಲಿಗೆ?

(ಕುಂದಾಪುರದಲ್ಲಿ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಅಕ್ಕಿ ಮಿಲ್ಲುಗಳಲ್ಲಿ ದುಡಿಯುವವರೂ ಪೇಟೆಯ ಸಣ್ಣ ಅಂಗಡಿಕಾರರೂ ಕೂಡಿರುವ ಈ ಸಭೆಯಲ್ಲಿ ಸ್ಟೆಮ್ ಸೆಲ್ ಎಂಬ ದೊಡ್ಡ ವಿಜ್ಞಾನದ ಮಾತೇಕೆ ಎಂದು ನೀವು ಕೇಳಬಹುದು. ಆ ಸಂಶೋಧನೆಗೆ ಸರಕಾರ ಕೊಡುವ ಹಣ ನಿಮ್ಮದು. ಅದಕ್ಕಾಗಿ ಈ ಮಾತು. ಬೆಂಕಿಪೆಟ್ಟಿಗೆ ಕೊಂಡವನೂ ತೆರಿಗೆ ತೆತ್ತಿದ್ದಾನೆ, ಮಾರಿದವನೂ ತೆರಿಗೆ ಕಟ್ಟಿದ್ದಾನೆ. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕುಂಟು.

ಗದ್ದೆಗೆ ನೇಜಿ ಹೇಗೋ, ದೇಹಕ್ಕೆ ಈ ಕೋಶಗಳು ಹಾಗೆ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿರುವ ಇಂಥ ಕೋಶಗಳಿಂದಲೇ ದಿನವೂ ಹೊಸ ರಕ್ತ ಹುಟ್ಟುತ್ತದೆ. ರಕ್ತದ ಕ್ಯಾನ್ಸರ್, ಥಲಸೀಮಿಯಾ ಮುಂತಾದ ರೋಗಗಳಲ್ಲಿ ಮಜ್ಜೆಯ ಕಸಿ ಮಾಡಿ ಜೀವ ಉಳಿಸುವುದು ರುಜುವಾತಾದ ವಿದ್ಯೆ.

"ಬಡ ದೇಶಕ್ಕೆ ಇಂಥ ಸಂಶೋಧನೆ ಏಕೆ?" ಎನ್ನುವವರಿದ್ದಾರೆ. ಈ ಮಾತನ್ನು ನಾವು ಒಪ್ಪತಕ್ಕದ್ದಲ್ಲ. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಎಂಬ ಸಂಸ್ಥೆಯನ್ನು ಕಟ್ಟಿತು. ಅದರ ಅಂಗವಾದ ವೆಲ್ಲೂರಿನ ಕೇಂದ್ರದವರೂ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೂ ಕೂಡಿ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ 5 ಮಂದಿಗೆ ಅವರದೇ ಕೋಶಗಳನ್ನು ತಿದ್ದಿ ಮರಳಿ ಕೊಟ್ಟರು. ಅವರ ರಕ್ತಸ್ರಾವ ನಿಂತಿತೆಂಬ ವರದಿ 2024ರಲ್ಲಿ ಪ್ರಕಟವಾಯಿತು. ಜನರ ಹಣ ಸರಿಯಾದ ಕೈಗೆ ಹೋದರೆ ಏನಾಗುತ್ತದೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ನಮ್ಮ ದೂರು ಏನು? ಮೊದಲನೆಯದು, ಕೊಡುವ ಹಣ ಅತ್ಯಲ್ಪ. 2020-21ರಲ್ಲಿ ಎಲ್ಲ ಬಗೆಯ ಸಂಶೋಧನೆಗೂ ಸೇರಿ, ಸರಕಾರ ಖಾಸಗಿ ಎರಡೂ ಕೂಡಿ, ದೇಶ ಖರ್ಚು ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64 ಮಾತ್ರ. 2023ರಲ್ಲಿ ಅನುಸಂಧಾನ ಪ್ರತಿಷ್ಠಾನದ ಕಾಯಿದೆ ತಂದು, 5 ವರ್ಷಕ್ಕೆ 50,000 ಕೋಟಿ ಎಂದು ಡಂಗುರ ಸಾರಿದರು. ಅದರಲ್ಲಿ ಸುಮಾರು 36,000 ಕೋಟಿ ಸರಕಾರದ ಬೊಕ್ಕಸದ ಹೊರಗಿನಿಂದ ಬರಬೇಕಂತೆ! ಪರರ ಕಣಜ ನಂಬಿ ಊಟಕ್ಕೆ ಕರೆದಂತಾಯಿತು.

ಎರಡನೆಯದು, ಕೊಡುವ ಹಣಕ್ಕೆ ಜನರ ಪರವಾದ ಕರಾರು ಕಾಣುವುದಿಲ್ಲ. 2025ರಲ್ಲಿ 1 ಲಕ್ಷ ಕೋಟಿಯ ಇನ್ನೊಂದು ಯೋಜನೆ ಬಂತು. ಖಾಸಗಿ ಉದ್ಯಮಗಳ ಸಂಶೋಧನೆಗೆ ಕಡಿಮೆ ಬಡ್ಡಿಯ, ಇಲ್ಲವೆ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ. ಇಲ್ಲಿ ಕುಳಿತ ಅಂಗಡಿಕಾರನಿಗೆ ಬಡ್ಡಿಯಿಲ್ಲದ ಸಾಲ ಯಾವ ಬ್ಯಾಂಕು ಕೊಟ್ಟಿದೆ? ಸಾಲ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಹಣದಿಂದ ಹುಟ್ಟಿದ ಮದ್ದು ಬೈಂದೂರಿನ ಕೂಲಿಗಾರನಿಗೆ ಯಾವ ಬೆಲೆಗೆ ಸಿಗಬೇಕು ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಡವೆ?

ನಮ್ಮ ಮನೆಯ ಬಾಗಿಲಿನದೇ ಉದಾಹರಣೆ ನೋಡಿ. ಬರ್ಗರ್ ಕಾಯಿಲೆ ಎಂಬುದೊಂದುಂಟು. ಬೀಡಿ, ಸಿಗರೇಟು ಸೇದುವವರ ಕೈಕಾಲಿನ ರಕ್ತನಾಳ ಕಟ್ಟಿ, ಬೆರಳು ಕೊಳೆತು, ಕೊನೆಗೆ ಕಾಲು ಕತ್ತರಿಸುವವರೆಗೂ ಹೋಗುತ್ತದೆ. ತುತ್ತಾಗುವವರು ಹೆಚ್ಚಾಗಿ ದುಡಿಯುವ ವಯಸ್ಸಿನ ಗಂಡಸರು. ಬೀಡಿ ಬಿಡುವುದೇ ಇದಕ್ಕೆ ಮೊದಲ ಮದ್ದು. ಮಣಿಪಾಲ ಸಮೂಹ 2006ರಲ್ಲಿ ಆರಂಭಿಸಿದ ಸ್ಟೆಂಪ್ಯೂಟಿಕ್ಸ್ ಕಂಪೆನಿಯ ಸ್ಟೆಮ್ ಸೆಲ್ ಔಷಧಕ್ಕೆ ಈ ಕಾಯಿಲೆಯ ಸಲುವಾಗಿ 2016ರಲ್ಲಿ ಮಿತವಾದ ಅನುಮತಿಯೂ 2020ರಲ್ಲಿ ಮಾರಾಟದ ಅನುಮತಿಯೂ ದೊರೆಯಿತು. ಒಳ್ಳೆಯದೇ. ಆದರೆ ಅನುಮತಿಯ ಕಾಗದದಿಂದ ಕಾಲು ಉಳಿಯುವುದಿಲ್ಲ. ಮದ್ದು ಬಡವನ ವಾರ್ಡಿಗೆ ತಲಪಬೇಕು. ತಲಪಿಸುವ ಹೊಣೆ ಸರಕಾರದ್ದು.

ಅದೇ ಸರಕಾರ ಮಾಡಿದ್ದೇನು? 1976ರ ಕಾಯಿದೆಯಂತೆ ಬೀಡಿಯ ಮೇಲೆ ವಸೂಲಾಗುತ್ತಿದ್ದ ಸೆಸ್ಸಿನಿಂದ ಬೀಡಿ ಕಾರ್ಮಿಕರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ ನಡೆಯುತ್ತಿದ್ದವು. 2017ರಲ್ಲಿ ಜಿಎಸ್‌ಟಿ ತರುವಾಗ ಆ ಸೆಸ್ಸನ್ನೇ ತೆಗೆದುಹಾಕಿದರು. ಹಕ್ಕಿನ ನಿಧಿ ಹೋಯಿತು. ಉಳಿದದ್ದು ಬಜೆಟ್ಟಿನ ಕೃಪೆ. ಬ್ರಹ್ಮಾವರದಲ್ಲಿ ಬೀಡಿ ಕಟ್ಟುವ ತಾಯಂದಿರು ಇದನ್ನು ಮರೆಯಬಾರದು.

ಸರಕಾರ ಹಿಂದೆ ಸರಿದಲ್ಲಿ ದಗಾಕೋರರು ಮುಂದೆ ಬರುತ್ತಾರೆ. ಬುದ್ಧಿಮಾಂದ್ಯ, ಪಾರ್ಶ್ವವಾಯು, ಎಲ್ಲಕ್ಕೂ ಸ್ಟೆಮ್ ಸೆಲ್ ಎಂದು ಹೇಳಿ ಲಕ್ಷಗಟ್ಟಲೆ ಕೀಳುವವರಿದ್ದಾರೆ. ರುಜುವಾತಾಗದ ಚಿಕಿತ್ಸೆಯನ್ನು ಪ್ರಯೋಗವೆಂದೇ ಕಾಣಬೇಕು, ಹಣಕ್ಕೆ ಮಾರಬಾರದು ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹೊಲ, ಒಡವೆ ಅಡವಿಡುವ ಮೊದಲು ಇದನ್ನು ನೆನಪಿಡಿ.

ನಮ್ಮ ಒತ್ತಾಯ ಮೂರು. ಸಂಶೋಧನಾ ಸಂಸ್ಥೆಗಳಿಗೆ ಬೊಕ್ಕಸದಿಂದಲೇ ಸಾಕಷ್ಟು ಹಣ ಕೊಡಿ. ಜನರ ಹಣ ಪಡೆದವರು ಮದ್ದನ್ನು ನಿಗದಿಯಾದ ನ್ಯಾಯಬೆಲೆಗೆ ಸರಕಾರಿ ಆಸ್ಪತ್ರೆಗೆ ಕೊಡಬೇಕೆಂದು ಕರಾರು ಬರೆಸಿ. ರುಜುವಾತಾದ ಚಿಕಿತ್ಸೆ ಇಎಸ್‌ಐ ಕಾರ್ಡು ಇದ್ದವನಿಗೂ ಇಲ್ಲದ ಬೀಡಿ ಕಾರ್ಮಿಕಳಿಗೂ ಪೂರ್ತಿ ಸಿಗಲಿ.

ಮುಂದೆ ಮತ ಕೇಳಲು ಬಂದವರ ಮುಂದೆ ರಸ್ತೆ, ಸೇತುವೆಯ ಪಟ್ಟಿಯ ಜೊತೆಗೆ ಈ ಮೂರನ್ನೂ ಇಡಿ. ನೇಜಿಗೆ ನೀರು ಹೊತ್ತವರು ನೀವು. ಕೊಯ್ಲಿನ ದಿನ ಬೇಲಿಯ ಹೊರಗೆ ನಿಲ್ಲಬೇಡಿ.