ಹಳೇ ಲ್ಯಾಪ್‌ಟಾಪ್ ಎಸೀಬೇಡಿ, ಲಿನಕ್ಸ್ ಹಾಕಿ
(ಕೊಯಮತ್ತೂರು-ತಿರುಪ್ಪೂರು ಕನ್ನಡ ಯುವಜನರ ಭೇಟಿಯಲ್ಲಿ ಆಡಿದ ಮಾತಿನ ಬರಹರೂಪ)

ಅನ್ನೂರು, ಸಿರುಮುಗೈ, ಅವಿನಾಶಿ, ಉಡುಮಲೆ ಕಡೆಯಿಂದ ಭಾನುವಾರದ ನಿದ್ದೆ ಬಿಟ್ಟು ಬಂದಿದ್ದೀರಿ. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಬಂದವರೂ ಇದ್ದೀರಿ. ಬರುವಾಗ ಮನೇಲಿರೋ ಹಳೇ ಲ್ಯಾಪ್‌ಟಾಪ್ ತನ್ನಿ ಅಂದಿದ್ವಿ. ಮುಂದಿನ ಸಾಲಲ್ಲಿ ನೋಡಿದ್ರೆ ಅರ್ಧಕ್ಕರ್ಧ ಸರ್ಕಾರ ಕೊಟ್ಟ ಲ್ಯಾಪ್‌ಟಾಪುಗಳೇ ಇವೆ. ಅಲ್ಲಿಂದಲೇ ಶುರು ಮಾಡೋಣ.

ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡೋಕೆ ಶುರು ಮಾಡ್ತು. ನಮ್ಮಲ್ಲಿ ಪ್ಲಸ್ ಟೂ ಓದಿದ ಅಣ್ಣಂದಿರು ಅಕ್ಕಂದಿರು ಎಷ್ಟೋ ಜನ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಅದರಲ್ಲೇ. ಆನ್ ಮಾಡಿದಾಗ ವಿಂಡೋಸ್ ಜೊತೆಗೆ ‘ಬಾಸ್’ ಅಂತ ಇನ್ನೊಂದು ಹೆಸರು ಬರ್ತಿತ್ತು, ನೆನಪಿದೆಯಾ? ಅದು ಏನೂಂತ ಯಾರೂ ಹೇಳಿಕೊಡಲಿಲ್ಲ. ಬಹಳ ಮಂದಿ ಅಂಗಡಿಗೆ ತಗೊಂಡು ಹೋಗಿ, ‘ಅಣ್ಣಾ ಇದನ್ನ ತೆಗೆದು ವಿಂಡೋಸ್ ಮಾತ್ರ ಇಟ್ಬಿಡಿ’ ಅಂದ್ರು. ಬಾಸ್ ಅಂದ್ರೆ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್. ಚೆನ್ನೈನ ಸಿ-ಡ್ಯಾಕ್ ಸಂಸ್ಥೆಯವರು ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿ 2007ರಲ್ಲಿ ಹೊರತಂದದ್ದು. ಕನ್ನಡವೂ ಸೇರಿ ಭಾರತದ ಭಾಷೆಗಳಿಗೆ ಅದರಲ್ಲಿ ಜಾಗ ಇತ್ತು. ಅಂದ್ರೆ ನಮ್ಮ ಮನೆಗೆ ಕನ್ನಡ ಬಲ್ಲ ಕಂಪ್ಯೂಟರ್ ಬಂದಿತ್ತು, ಅದನ್ನ ನಮ್ಮ ದುಡ್ಡು ಕೊಟ್ಟು ಅಳಿಸಿ ಹಾಕಿಸಿದ್ವಿ!

ಈಗ ಆ ವಿಂಡೋಸಿನ ಕಥೆ ಏನಾಯ್ತು? 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದೆ. ಹನ್ನೊಂದಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಹೆಚ್ಚೂಕಮ್ಮಿ ಎಂಟನೇ ತಲೆಮಾರಿನದ್ದಾಗಿರಬೇಕು. ಸರ್ಕಾರ ಮೊದಲ ವರ್ಷಗಳಲ್ಲಿ ಕೊಟ್ಟ ಲ್ಯಾಪ್‌ಟಾಪಿಗೆ ಅದು ಎಲ್ಲಿಂದ ಬರಬೇಕು? ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಆದ್ರೂ ಗುಜರಿಗೆ ಹಾಕಿ ಅಂತ ಕಂಪನಿ ಹೇಳಿದ ಹಾಗಾಯ್ತು. ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಮಿಷನ್ನಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡೋದು ಎಷ್ಟು ಅಪಾಯ ಅಂತ ಕೌಂಟರಿನಲ್ಲಿ ಕೂರೋ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ದುಡ್ಡು ಹೋದ ಮೇಲೆ ಪಾಸ್‌ಬುಕ್ ಹಿಡ್ಕೊಂಡು ಬರೋರ ಮುಖ ನಾವು ನೋಡ್ತೀವಿ.

ಇನ್ನೊಂದು ದಾರಿ ಎಲ್ಲರಿಗೂ ಗೊತ್ತಿರೋದೇ. ಗಾಂಧಿಪುರದಲ್ಲೋ ತಿರುಪ್ಪೂರಿನ ಯಾವುದೋ ಸಂದಿಯಲ್ಲೋ ಐನೂರು ರೂಪಾಯಿಗೆ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕ್ಕೊಡ್ತಾರೆ. ಅಸಲಿ ಲೈಸೆನ್ಸ್ ಹತ್ತು ಸಾವಿರದ ಆಸುಪಾಸು, ಹಾಗಾಗಿ ಯಾರೂ ಕೇಳಲ್ಲ. ಆದ್ರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಅಂತ ಒಂದಿದೆ. ನಕಲಿ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಮನೆಗೆ ಪೊಲೀಸರು ಬರ್ತಾರೆ ಅಂತ ಹೆದರಿಸ್ತಿಲ್ಲ. ಜಾಬ್‌ವರ್ಕ್ ಯೂನಿಟ್ ಇಟ್ಟುಕೊಂಡವರು, ಡಿಸೈನ್ ಸೆಂಟರ್ ನಡೆಸೋರು ಮಾತ್ರ ಇದನ್ನ ತಲೇಲಿ ಇಟ್ಕೊಳ್ಳಿ. ಅದಕ್ಕಿಂತ ದೊಡ್ಡ ಮಾತು, ಆ ಕ್ರ್ಯಾಕ್ ಜೊತೆ ಇನ್ನೇನು ಒಳಗೆ ಬಂತು ಅಂತ ಹಾಕ್ಕೊಟ್ಟ ಅಂಗಡಿಯವನಿಗೂ ಗೊತ್ತಿರಲ್ಲ.

ಸರಿ, ಲಿನಕ್ಸ್ ಅಂದ್ರೆ ಏನು? 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅನ್ನೋರು ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ತಿರುಳು, ಅಂದ್ರೆ ಕರ್ನೆಲ್, ಬರೆದ. ಎರಡೂ ಸೇರಿ ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಆಯ್ತು. ನಿಮ್ಮ ಜೇಬಿನಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಕರ್ನೆಲ್. 2017ರ ನವೆಂಬರಿನಿಂದ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳಲ್ಲಿ ಐನೂರೂ ಲಿನಕ್ಸೇ. ನಮ್ಮ ದೇಶದ ರಕ್ಷಣಾ ಸಚಿವಾಲಯ 2023ರಲ್ಲಿ ವಿಂಡೋಸ್ ಬಿಟ್ಟು ಉಬುಂಟು ಮೇಲೆ ಕಟ್ಟಿದ ‘ಮಾಯಾ’ಗೆ ಹೋಗಲು ತೀರ್ಮಾನಿಸಿದ ಸುದ್ದಿ ಓದಿರ್ತೀರಿ. ದುಡ್ಡು ಕೊಡಬೇಕಾಗಿಲ್ಲ ಅನ್ನೋದು ಒಂದು ಭಾಗ ಅಷ್ಟೆ. ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು. ನಮ್ಮ ಭಾಷೆಗೆ ಇದು ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀವಿ.

ಮೊದಲು ಕಾಸರಗೋಡಿನ ಮಾತು. ನಮ್ಮ ಹಾಗೇ ಗಡಿಯಾಚೆ ಉಳಿದ ಕನ್ನಡಿಗರು ಅವರು. ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾದದ್ದು. ಆಮೇಲಿನ ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನ ಅವರು ಹೆಜ್ಜೆ ಹೆಜ್ಜೆಯಾಗಿ ಲಿನಕ್ಸಿಗೆ ತಂದರು. ಈಗ ಅದನ್ನ ನೋಡಿಕೊಳ್ಳೋದು ಕೈಟ್ ಅನ್ನೋ ಸಂಸ್ಥೆ. 2019ರಲ್ಲಿ ಹೊಸ ಆವೃತ್ತಿ ತಂದಾಗ ಎರಡು ಲಕ್ಷಕ್ಕೂ ಮೇಲ್ಪಟ್ಟು ಶಾಲಾ ಕಂಪ್ಯೂಟರುಗಳಲ್ಲಿ 3,000 ಕೋಟಿ ರೂಪಾಯಿ ಲೈಸೆನ್ಸ್ ಖರ್ಚು ಉಳಿಯುತ್ತೆ ಅಂತ ಅವರೇ ಲೆಕ್ಕ ಹೇಳಿದ್ರು. ಮಂಜೇಶ್ವರದ ಕನ್ನಡ ಮಾಧ್ಯಮದ ಹುಡುಗಿ ಐಟಿ ಪಾಠವನ್ನೂ ಕನ್ನಡ ಪುಸ್ತಕದಲ್ಲೇ ಓದ್ತಾಳೆ, ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಕೈಯಾರೆ ಮಾಡ್ತಾಳೆ. ಕಾಸರಗೋಡಿನ ಕನ್ನಡಿಗರಿಗೆ ನೋವುಗಳು ಇಲ್ಲದೇ ಇಲ್ಲ, ಈ ಪುಟ ಓದೋರಿಗೆ ಅದು ಗೊತ್ತೇ ಇದೆ. ಆದ್ರೆ ಈ ಒಂದು ವಿಷಯದಲ್ಲಿ ಅವರ ಮಕ್ಕಳು ನಮಗಿಂತ ಎಷ್ಟೋ ಮುಂದೆ.

ನಮ್ಮ ಕಡೆ ಪರಿಸ್ಥಿತಿ ಬೇರೆ. ಕೊಳ್ಳೇಗಾಲ 1956ರ ನವೆಂಬರ್ ಒಂದರವರೆಗೆ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದು ಮೈಸೂರಿಗೆ ಹೋಯ್ತು, ತಾಳವಾಡಿ ಇಲ್ಲೇ ಉಳೀತು, ಈಗ ಈರೋಡ್ ಜಿಲ್ಲೆ. ತಾಳವಾಡಿಯಲ್ಲಿ ಕನ್ನಡ ಶಾಲೆಗಳಿವೆ. ಕೊಯಮತ್ತೂರು, ತಿರುಪ್ಪೂರಿನ ದೇವಾಂಗದವರು, ಒಕ್ಕಲಿಗರು, ಅನುಪ್ಪರು ಮನೇಲಿ ಕನ್ನಡ ಆಡ್ತಾರೆ, ಓದೋದು ಬರೆಯೋದು ತಮಿಳಿನಲ್ಲಿ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆದ್ರೆ ಕನ್ನಡ ಅಕ್ಷರ ಕಣ್ಣಿಗೆ ಬೀಳೋ ಜಾಗವೇ ಇಲ್ಲ ಅನ್ನೋದು ನಿಜ. ಅಂಗಡಿ ಬೋರ್ಡಿನಲ್ಲಿಲ್ಲ, ಪಠ್ಯಪುಸ್ತಕದಲ್ಲಿಲ್ಲ, ಫೋನಿನಲ್ಲೂ ನಮ್ಮ ಹುಡುಗರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಇಲ್ಲಾ ತಮಿಳು ಅಕ್ಷರದಲ್ಲಿ ಬರೀತಾರೆ.

ಒಂದು ಮದುವೆ ಕರೆಯೋಲೆ ಕಥೆ ಕೇಳಿ. ನಮ್ಮ ಸಂಬಂಧಿಕರ ಮನೆ ಮದುವೆ. ಓಲೆ ಪೂರಾ ತಮಿಳಿನಲ್ಲಿ, ಮೇಲೆ ಕುಲದೇವತೆ ಹೆಸರು ‘ಶ್ರೀ ರಾಮಲಿಂಗ ಚೌಡೇಶ್ವರಿ’ ಮಾತ್ರ ಕನ್ನಡದಲ್ಲಿ ಇರಲಿ ಅಂತ ಅಜ್ಜಿ ಆಸೆ. ಪ್ರೆಸ್ಸಿನವರು ಪಾಪ ಪ್ರಯತ್ನ ಮಾಡಿದ್ರು. ಅವರ ಹಳೇ ಕ್ರ್ಯಾಕ್ ಡಿಸೈನ್ ಸಾಫ್ಟ್‌ವೇರಿನಲ್ಲಿ ಶಕಾರಕ್ಕೆ ವತ್ತು ಕೂರಲೇ ಇಲ್ಲ, ‘ವ’ ಹೋಗಿ ಪಕ್ಕದಲ್ಲಿ ನಿಂತಿತ್ತು. ಕೊನೆಗೆ ಅಮ್ಮನವರ ಹೆಸರೂ ತಮಿಳಿನಲ್ಲೇ ಅಚ್ಚಾಯ್ತು. ಯಾರ ದ್ವೇಷವೂ ಇಲ್ಲ, ಯಾವ ಸರ್ಕಾರದ ಆದೇಶವೂ ಇಲ್ಲ, ಬರೀ ಒಂದು ಸಾಫ್ಟ್‌ವೇರಿಗೆ ಒತ್ತಕ್ಷರ ಬರಲಿಲ್ಲ ಅಂತ ಕನ್ನಡ ಹೋಯ್ತು. ಲಿನಕ್ಸಿನಲ್ಲಿ ಅಕ್ಷರ ಜೋಡಿಸೋ ಕೆಲಸ ಮಾಡೋದು ಹಾರ್ಫ್‌ಬಝ್ ಅನ್ನೋ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಎಲ್ಲಕ್ಕೂ ಅದೇ. ಇಂಕ್‌ಸ್ಕೇಪ್ ಅಂತ ಡಿಸೈನ್ ಸಾಫ್ಟ್‌ವೇರ್ ಇದೆ, ಅದರಲ್ಲಿ ‘ಚೌಡೇಶ್ವರಿ’ ಸರಿಯಾಗಿ ಬರುತ್ತೆ. ಅದು ವಿಂಡೋಸಿನಲ್ಲೂ ಓಡುತ್ತೆ, ಪ್ರೆಸ್ಸಿನವರಿಗೂ ತೋರಿಸಿಕೊಡಬಹುದು.

ಟೈಪಿಂಗ್ ವಿಷಯಕ್ಕೆ ಬರೋಣ. ಕರ್ನಾಟಕದ ಕಚೇರಿಗಳಿಂದ, ಸಂಘಗಳಿಂದ ನಮಗೆ ಬರೋ ಹಳೇ ಕಡತಗಳು ಬಹಳಷ್ಟು ನುಡಿ, ಬರಹದ ಹಳೇ ಫಾಂಟುಗಳಲ್ಲಿರುತ್ತವೆ. ಆ ಫಾಂಟ್ ಇಲ್ಲದ ಮಿಷನ್ನಿನಲ್ಲಿ ತೆರೆದರೆ ಗೀಚು ಗೀಚಾಗಿ ಕಾಣುತ್ತೆ. ಯುನಿಕೋಡಿನಲ್ಲಿ ಬರೆದರೆ ಆ ಗೋಳಿಲ್ಲ. ಹಳೇದನ್ನ ಯುನಿಕೋಡಿಗೆ ಬದಲಿಸೋ ಪರಿವರ್ತಕಗಳನ್ನೂ ಕನ್ನಡದ ಹುಡುಗರೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಇನ್ನು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ನುಡಿಯಲ್ಲಿ ಇರೋದು, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ‘ಕಗಪ’ ಅಂತ ಕರೀತೀವಲ್ಲ, ಅದು ಲಿನಕ್ಸಿನ ಒಳಗೇ ಕೂತಿದೆ. ಬೇರೆ ಏನೂ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಲೇಔಟ್ಸ್ ಅಂತ ಹೋಗಿ, ಕನ್ನಡ ಹುಡುಕಿ, ಕಗಪ ಅಂತ ಇರೋದನ್ನ ಸೇರಿಸಿ. ಕೆ ಒತ್ತಿದ್ರೆ ಕ, ಎಫ್ ಒತ್ತಿದ್ರೆ ಅರ್ಧಾಕ್ಷರ, ಮತ್ತೆ ಕೆ ಒತ್ತಿದ್ರೆ ಕ್ಕ. ಒಂದು ವಾರ ಕೈ ಓಡಲ್ಲ, ಆಮೇಲೆ ಓಡುತ್ತೆ. ಖುಷಿಯ ಸಂಗತಿ ಅಂದ್ರೆ, ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ‘ಕಗಪ’ ಅನ್ನೋ ಹೆಸರಲ್ಲೇ ಲೇಔಟ್ ಇದೆ. ನಮ್ಮ ಪರಿಷತ್ತಿನ ಹೆಸರು ಜಗತ್ತಿನ ಪ್ರತಿ ಲಿನಕ್ಸ್ ಕಂಪ್ಯೂಟರಿನಲ್ಲಿದೆ, ನಮಗೇ ಗೊತ್ತಿಲ್ಲ. ತಮಿಳೂ ಬೇಕಲ್ಲ, 1999ರಲ್ಲಿ ಚೆನ್ನೈ ಸಮ್ಮೇಳನದಲ್ಲಿ ಒಪ್ಪಿದ ತಮಿಳ್‌99 ಕೂಡ ಅಲ್ಲೇ ಇದೆ. ಮೂರು ಭಾಷೆ ಹಾಕ್ಕೊಳ್ಳಿ, ಒಂದು ಗುಂಡಿಯಲ್ಲಿ ಬದಲಾಯಿಸ್ತಾ ಇರಿ. ನಮ್ಮ ಬದುಕೂ ಹಾಗೇ ತಾನೆ ನಡೀತಿರೋದು.

ಇನ್ನು ತೊಡಕುಗಳು. ಸುಮ್ಮನೆ ಎಲ್ಲಾ ಸಿಹಿ ಅಂತ ಹೇಳಲ್ಲ. ಬಿ.ಕಾಂ. ಓದಿದವರು ಮೊದಲು ಕೇಳೋದು ಟ್ಯಾಲಿ. ಟ್ಯಾಲಿ ಬೆಂಗಳೂರಿನ ಕಂಪನಿಯದ್ದೇ, ಆದ್ರೆ ಮಾಡಿರೋದು ವಿಂಡೋಸಿಗೆ. ಬನಿಯನ್ ಕಂಪನಿಯಲ್ಲಿ ಅಕೌಂಟ್ಸ್ ಬರೆಯೋರು ವಿಂಡೋಸ್ ಪೂರ್ತಿ ತೆಗೀಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಕೊಳ್ಳಿ. ಪ್ರಿಂಟಿಂಗ್ ಡಿಸೈನ್ ಮಾಡೋರಿಗೆ ಕೋರೆಲ್‌ಡ್ರಾ ಲಿನಕ್ಸಿಗೆ ಇಲ್ಲ. ಇಂಕ್‌ಸ್ಕೇಪ್ ಕಲೀಬೇಕು, ಪಾರ್ಟಿಯವರು ಕೋರೆಲ್ ಕಡತವೇ ಬೇಕು ಅಂದ್ರೆ ಕಷ್ಟ. ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು, ದೊಡ್ಡ ಮ್ಯಾಕ್ರೋ ಇರೋ ಹಾಳೆಗಳು ಮಾತ್ರ ತಂಟೆ ಮಾಡ್ತವೆ. ಕೆಲವು ಹಳೇ ಲೇಸರ್ ಪ್ರಿಂಟರುಗಳು ಸತಾಯಿಸ್ತವೆ. ಪ್ರಿಂಟರ್ ಇರೋರು ಮೊದಲು ಅದನ್ನ ಪರೀಕ್ಷಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಓದೋ ಮಕ್ಕಳಿಗೆ, ಪರೀಕ್ಷೆ ಅರ್ಜಿ ಹಾಕೋರಿಗೆ, ಬ್ರೌಸರಿನಲ್ಲಿ ಕೆಲಸ ಮಾಡೋರಿಗೆ ಇದ್ಯಾವುದೂ ಅಡ್ಡಿ ಅಲ್ಲ.

ಸಿರುಮುಗೈಯವರಿಗೆ ಒಂದು ಮಾತು. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ಕಾರ್ಡು ಹೇಳಿದ ಹಾಗೆ ನೂಲು ಏಳುತ್ತೆ. ಕಂಪ್ಯೂಟರಿಗೆ ಆದೇಶ ಕೊಡೋದನ್ನ ಜನ ಕಲಿತದ್ದು ಆ ಕಾರ್ಡು ನೋಡಿಯೇ. ಹತ್ತೊಂಬತ್ತನೇ ಶತಮಾನದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅದನ್ನೇ ಎತ್ತಿಕೊಂಡ. ನಿಮ್ಮ ಅಪ್ಪ ಕಾರ್ಡು ಬಿಚ್ಚಿ ನೋಡಬಹುದು, ಒಂದು ತೂತು ಬದಲಿಸಿ ಸೆರಗಿನ ಹೂವು ಬದಲಿಸಬಹುದು. ಲಿನಕ್ಸೂ ಹಾಗೇ, ಬಿಚ್ಚಿ ನೋಡಬಹುದಾದ ಕಾರ್ಡು. ವಿಂಡೋಸಿನ ಕಾರ್ಡು ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿದ್ದಾರೆ.

ಆಗ ಆಮೇಲೆ ಹೇಳ್ತೀವಿ ಅಂದಿದ್ದು ಇದೇ. ಲಿನಕ್ಸ್ ಮಿಂಟಿನ ಭಾಷೆಯನ್ನ ಕನ್ನಡಕ್ಕೆ ಬದಲಿಸಿದ್ರೆ ಮೆನುಗಳು ಕನ್ನಡದಲ್ಲಿ ಬರ್ತವೆ. ಫೈಲ್ ಅನ್ನೋದು ‘ಕಡತ’ ಆಗುತ್ತೆ. ಆದ್ರೆ ಎಲ್ಲ ಕಡೆ ಅಲ್ಲ, ನಡುನಡುವೆ ಇಂಗ್ಲಿಷ್ ಇಣುಕುತ್ತೆ, ಯಾಕಂದ್ರೆ ಅನುವಾದ ಅರ್ಧಕ್ಕೆ ನಿಂತಿದೆ. ಅದನ್ನ ಮಾಡಿದ್ದು ಕಂಪನಿ ಮಾತ್ರ ಅಲ್ಲ, ಬಿಡುವಿನಲ್ಲಿ ಕೂತು ಬರೆದ ಕನ್ನಡಿಗರೂ ಇದ್ದಾರೆ. ಮಿಂಟಿನ ಅನುವಾದ ಲಾಂಚ್‌ಪ್ಯಾಡ್ ಅನ್ನೋ ತಾಣದಲ್ಲಿ ನಡೆಯುತ್ತೆ, ಯಾರು ಬೇಕಾದರೂ ಹೆಸರು ನೋಂದಾಯಿಸಿ ಸೇರಬಹುದು. ಕೋಡಿಂಗ್ ಬರಬೇಕಾಗಿಲ್ಲ, ಕನ್ನಡ ಬಂದ್ರೆ ಸಾಕು. ‘ನಿಮ್ಮ ಕನ್ನಡ ಶುದ್ಧ ಅಲ್ಲ’ ಅಂತ ನಮಗೆ ಬೆಂಗಳೂರಿಗೆ ಹೋದಾಗೆಲ್ಲ ಹೇಳ್ತಾರೆ. ಇಲ್ಲಿ ಹಾಗೆ ಹೇಳೋರಿಲ್ಲ. ನಿಮ್ಮ ಸಲಹೆ ಸರಿ ಇದ್ರೆ ಒಪ್ಕೊಳ್ತಾರೆ, ಇಲ್ಲಾಂದ್ರೆ ಚರ್ಚೆ ಮಾಡ್ತಾರೆ. ತಿರುಪ್ಪೂರಿನ ಮಗು ಬರೆದ ಒಂದು ಪದ ರಾಯಚೂರಿನ ಪರದೆ ಮೇಲೆ ಬರೋಕೆ ಇದಕ್ಕಿಂತ ಸುಲಭದ ದಾರಿ ನಮಗಂತೂ ಗೊತ್ತಿಲ್ಲ.

ಈಗ ಕೆಲಸ. 4 ಜಿಬಿ ರ್‍ಯಾಮ್ ಇದ್ದವರಿಗೆ ಲಿನಕ್ಸ್ ಮಿಂಟ್ 22, ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತೆ. 2 ಜಿಬಿ ಮಾತ್ರ ಇದ್ದರೆ ಅದರದೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, ಸ್ವಲ್ಪ ನಿಧಾನ ಆಗುತ್ತೆ ಅಂತ ಮೊದಲೇ ಹೇಳಿಬಿಡ್ತೀವಿ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ರೆ ಅದೇ ಮಿಷನ್ ಬೇರೆಯಾಗಿಬಿಡುತ್ತೆ. 8 ಜಿಬಿ ಪೆನ್ ಡ್ರೈವ್ ಸಾಕು, ಆದ್ರೆ ಅದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಮದುವೆ ಫೋಟೋ ಇದ್ರೆ ಮೊದಲು ಎತ್ತಿಟ್ಟುಕೊಳ್ಳಿ. ಇವತ್ತು ಯಾರ ಲ್ಯಾಪ್‌ಟಾಪಿನಲ್ಲೂ ನೇರವಾಗಿ ಇನ್‌ಸ್ಟಾಲ್ ಮಾಡಲ್ಲ. ಪೆನ್ ಡ್ರೈವಿನಿಂದಲೇ ಓಡಿಸಿ ನೋಡೋಣ, ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕಗಪದಲ್ಲಿ ನಿಮ್ಮ ಹೆಸರು ಬರೆಯೋಕಾಗುತ್ತಾ ಅಂತ. ಹಿಡಿಸಿದವರು ಮನೆಗೆ ಹೋಗಿ ಬ್ಯಾಕಪ್ ತಗೊಂಡು ಮುಂದಿನ ಭಾನುವಾರ ಬನ್ನಿ. ವಿಂಡೋಸ್ ಜೊತೇಲಿ ಇಟ್ಕೊಳ್ಳೋರು ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಡ್ರೈವ್ ತೆರೆಯೋಕೆ ತಕರಾರು ಮಾಡುತ್ತೆ.

ಪ್ಲಗ್ ಪಾಯಿಂಟ್ ಇರೋದು ಆರೇ, ಚಾರ್ಜ್ ಇಲ್ಲದವರು ಮೊದಲು ಈ ಕಡೆ ಬನ್ನಿ. ತಾಳವಾಡಿಯವರಿಗೆ ಸಂಜೆ ಬಸ್ ಇದೆ, ಅವರ ಲ್ಯಾಪ್‌ಟಾಪಿನಿಂದಲೇ ಶುರು ಮಾಡೋಣ.