ಬ್ಯಾಂಕಿನ ಲೆಕ್ಕಪಟ್ಟಿ: ಪಡೆಯುವುದು, ಓದುವುದು, ಕಾಪಾಡುವುದು

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೊಯ್ಲಾಗಿ ಹಣ ಕೈಗೆ ಬಂದೊಡನೆ ಬೆಳೆಸಾಲ ತೀರಿಸಿಬಿಡುವ ರೈತರು ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಹಣ ಕಟ್ಟಿದ ಮೇಲೂ ಬಾಕಿಯ ನೋಟೀಸು ಬಂದು ಗಾಬರಿಯಾಗುವವರೂ ಇಲ್ಲದಿಲ್ಲ. ಇದು ಹೇಗಾಗುತ್ತದೆ?

ಒಬ್ಬ ರೈತ ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ 1,60,000 ರೂಪಾಯಿ ಬೆಳೆಸಾಲ ಪಡೆದಿದ್ದಾನೆ ಎಂದಿಟ್ಟುಕೊಳ್ಳಿ. ವಾಯಿದೆಗೆ ಒಂದು ವಾರ ಮೊದಲೇ ಬ್ಯಾಂಕಿಗೆ ಹೋಗಿ ಪೂರ್ತಿ ಹಣ ಕಟ್ಟುತ್ತಾನೆ. ಆದರೆ ಚಲನ್ ತುಂಬುವಾಗ ಕೈಯಲ್ಲಿದ್ದ ಪಾಸ್ ಪುಸ್ತಕ ನೋಡಿ ಉಳಿತಾಯ ಖಾತೆಯ ಸಂಖ್ಯೆ ಬರೆಯುತ್ತಾನೆ. ಹಣ ಆ ಖಾತೆಗೆ ಜಮೆಯಾಗುತ್ತದೆ, ರಸೀತಿಗೆ ಮೊಹರೂ ಬೀಳುತ್ತದೆ. ಸಾಲದ ಖಾತೆಯ ಬಾಕಿ ಮಾತ್ರ ಇದ್ದಂತೆಯೇ ಇರುತ್ತದೆ. ವಾಯಿದೆ ಮುಗಿದು ತಿಂಗಳುಗಳಾದ ಮೇಲೆ ನೋಟೀಸು ಬಂದಾಗಲೇ ಸಂಗತಿ ತಿಳಿಯುವುದು.

ಇದರಿಂದ ಆಗುವ ನಷ್ಟ ಅಲ್ಪವಲ್ಲ. ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಂತೆ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲದ ಬಡ್ಡಿ ಶೇ. 7. ವಾಯಿದೆಯೊಳಗೆ ತೀರಿಸಿದವರಿಗೆ ಶೇ. 3ರಷ್ಟು ಪ್ರೋತ್ಸಾಹ ದೊರೆತು ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಒಂದು ವರ್ಷ ಉಳಿದ 1,60,000 ರೂಪಾಯಿಗೆ ಶೇ. 4ರಂತೆ ಬಡ್ಡಿ 6,400 ರೂಪಾಯಿ, ಶೇ. 7ರಂತೆ 11,200 ರೂಪಾಯಿ. ವ್ಯತ್ಯಾಸ 4,800 ರೂಪಾಯಿ. ವಾಯಿದೆ ದಾಟಿದ ದಿನದಿಂದ ಬ್ಯಾಂಕಿನ ಮಾಮೂಲು ಬಡ್ಡಿ ಬೇರೆ. ಹಣ ಕಟ್ಟಿದ ಮೂರನೆಯ ದಿನ ಸಾಲದ ಖಾತೆಯ ಲೆಕ್ಕಪಟ್ಟಿಯನ್ನು, ಅಂದರೆ ಬ್ಯಾಂಕಿನವರು ಸ್ಟೇಟ್‌ಮೆಂಟ್ ಎನ್ನುವುದನ್ನು, ಒಮ್ಮೆ ತೆಗೆದು ನೋಡಿದ್ದರೆ ಈ ತಪ್ಪು ಅಲ್ಲಿಯೇ ಸರಿಹೋಗುತ್ತಿತ್ತು.

ಹಿಂದೆ ಇದಕ್ಕಾಗಿ ಪಟ್ಟಣಕ್ಕೆ ಹೋಗಿ ಸಾಲು ನಿಲ್ಲಬೇಕಾಗಿತ್ತು. ಈಗ ಬ್ಯಾಂಕಿನ ಮೊಬೈಲ್ ಆ್ಯಪ್‌ನಿಂದಲೋ ಇಂಟರ್‌ನೆಟ್ ಬ್ಯಾಂಕಿಂಗ್‌ನಿಂದಲೋ ಮನೆಯಲ್ಲಿ ಕುಳಿತೇ ಪಡೆಯಬಹುದು. ಮೊದಲು ಬ್ಯಾಂಕಿನಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವುದೇ ಎಂದು ನೋಡಿಕೊಳ್ಳಬೇಕು. ಮಗನ ಹಳೆಯ ಸಂಖ್ಯೆಯೋ, ಎಂದೋ ಕಳೆದುಹೋದ ಸಿಮ್ಮಿನ ಸಂಖ್ಯೆಯೋ ಖಾತೆಯಲ್ಲಿ ಉಳಿದಿದ್ದರೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ಆ್ಯಪ್ ತೆರೆದ ಮೇಲೆ ಉಳಿತಾಯ ಖಾತೆ ಒಂದು ಕಡೆ, ಸಾಲದ ಖಾತೆ ಇನ್ನೊಂದು ಕಡೆ ಇರುವುದುಂಟು. ಉಳಿತಾಯ ಖಾತೆಯನ್ನಷ್ಟೇ ನೋಡಿ ಮುಚ್ಚಿಬಿಡುವವರೇ ಹೆಚ್ಚು. ಬೇಕಾದ ಖಾತೆಯನ್ನು ಆರಿಸಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನು ಕೊಟ್ಟು, ಪಿ.ಡಿ.ಎಫ್. ರೂಪದಲ್ಲಿ ಇಳಿಸಿಕೊಳ್ಳಬೇಕು. ಸಾಲದ ಖಾತೆಯಾದರೆ ಸಾಲ ಎತ್ತಿದ ದಿನದಿಂದ ಈ ದಿನದವರೆಗೆ ತೆಗೆಯುವುದು ಲೇಸು. ಉಳಿತಾಯ ಖಾತೆಗೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಪಟ್ಟಿ ಅನುಕೂಲ. ಕಡತ ತೆರೆಯಲು ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಕಿಲ್ಲ. ಅದರ ಕ್ರಮ ಒಂದೊಂದು ಬ್ಯಾಂಕಿಗೆ ಒಂದೊಂದು ಬಗೆ, ಕಡತ ಬಂದ ಪತ್ರದಲ್ಲಿಯೇ ಸಾಮಾನ್ಯವಾಗಿ ತಿಳಿಸಿರುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದವರು ಪಾಸ್ ಪುಸ್ತಕವನ್ನೇ ಮುದ್ರಿಸಿಕೊಂಡರೂ ಆಯಿತು, ಆದರೆ ಸಾಲದ ಖಾತೆಯ ಪಟ್ಟಿಯನ್ನು ಬಾಯಿಬಿಟ್ಟು ಕೇಳಬೇಕು.

ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳು ಕಂಡರೂ ಓದಲು ಕಷ್ಟವಿಲ್ಲ. ಡಿ.ಆರ್. ಎಂದರೆ ಖಾತೆಗೆ ಖರ್ಚು ಹಾಕಿದ್ದು, ಸಿ.ಆರ್. ಎಂದರೆ ಜಮೆ. ಸಾಲದ ಖಾತೆಯಲ್ಲಿ ಜಮೆಯಾದಷ್ಟು ಸಾಲ ಇಳಿಯುತ್ತದೆ. ಕಟ್ಟಿದ ಮೊತ್ತದ ಎದುರಿನ ತಾರೀಖನ್ನು ರಸೀತಿಯ ತಾರೀಖಿನೊಂದಿಗೆ ತಾಳೆ ನೋಡಬೇಕು. ಚೆಕ್ ಕೊಟ್ಟಿದ್ದರೆ, ಕೊಟ್ಟ ದಿನವಲ್ಲ, ಹಣ ಜಮೆಯಾದ ದಿನ ಲೆಕ್ಕಕ್ಕೆ ಬರುತ್ತದೆ. ಊರಿನ ಬ್ಯಾಂಕ್ ಮಿತ್ರರ ಬಳಿ ಕಟ್ಟಿದವರು ಅವರ ಕೈಬರಹದ ಚೀಟಿಯನ್ನು ನಂಬಿ ಕೂರದೆ ಅದೇ ದಿನ ಪಟ್ಟಿ ನೋಡುವುದು ಒಳ್ಳೆಯದು. ಇನ್ನೊಂದು ಸೂಕ್ಷ್ಮವುಂಟು. ಪಟ್ಟಿಯ ಕೊನೆಯ ಸಾಲಿನಲ್ಲಿ ಕಾಣುವ ಬಾಕಿಯೇ ಕಟ್ಟಬೇಕಾದ ಪೂರ್ತಿ ಹಣವೆಂದು ತಿಳಿಯಬಾರದು. ಬಡ್ಡಿಯನ್ನು ಬ್ಯಾಂಕು ಗೊತ್ತಾದ ದಿನಗಳಲ್ಲಿ ಖಾತೆಗೆ ಹಾಕುತ್ತದೆ, ಅಲ್ಲಿಯವರೆಗೆ ಕೂಡಿದ ಬಡ್ಡಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಕೈಸಾಲ ತಂದು ಬೆಳೆಸಾಲ ನವೀಕರಿಸುವ ರೈತನಿಗೆ ಕೊನೆಯ ದಿನ ಮುನ್ನೂರು ರೂಪಾಯಿ ಕಡಿಮೆ ಬಿದ್ದರೂ ಕೆಲಸ ಕೆಡುತ್ತದೆ. ಆದ್ದರಿಂದ ಅಂದಿನವರೆಗಿನ ಬಡ್ಡಿ ಸೇರಿ ಎಷ್ಟಾಗುತ್ತದೆಂದು ಮೊದಲೇ ಬ್ಯಾಂಕಿನಲ್ಲಿ ಕೇಳಿ ಬರೆದುಕೊಳ್ಳಬೇಕು.

ಬೆಳೆ ವಿಮೆಯ ಕಂತೂ ಇದೇ ಖಾತೆಯಲ್ಲಿ ಖರ್ಚು ಬೀಳುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿನ ಆಹಾರ ಹಾಗೂ ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರವರೆಗೆ ಇರುತ್ತದೆ. 40,000 ರೂಪಾಯಿ ವಿಮಾ ಮೊತ್ತದ ರಾಗಿಗೆ 800 ರೂಪಾಯಿ ಬೀಳಬೇಕಾದಲ್ಲಿ ಬೇರೆ ಮೊತ್ತ ಬಿದ್ದಿದ್ದರೆ, ಬ್ಯಾಂಕಿನವರು ಹಿಂದಿನ ವರ್ಷದ ಬೆಳೆಯನ್ನೇ ನಮೂದಿಸಿರಬಹುದು ಅಥವಾ ವಿಸ್ತೀರ್ಣ ತಪ್ಪಿರಬಹುದು. ಹೊಲದಲ್ಲಿರುವ ಬೆಳೆ ಒಂದು, ವಿಮೆಯಲ್ಲಿರುವ ಬೆಳೆ ಇನ್ನೊಂದಾದರೆ ಪರಿಹಾರದ ಕಾಲದಲ್ಲಿ ಬೆಳೆ ಸಮೀಕ್ಷೆಗೆ ತಾಳೆಯಾಗದೆ ಅರ್ಜಿ ಬಿದ್ದುಹೋಗುತ್ತದೆ. ನೋಂದಣಿಯ ಕೊನೆಯ ದಿನಕ್ಕೆ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಈ ವಿಮೆ ಐಚ್ಛಿಕವಾಗಿದೆ. ಬೇಡವಾದವರು ಬ್ಯಾಂಕಿಗೆ ಬರೆದು ಕೊಡಬೇಕು, ಸುಮ್ಮನಿದ್ದರೆ ಕಂತು ಬೀಳುತ್ತದೆ.

ಪಿ.ಎಂ. ಕಿಸಾನ್ ಹಣ ಬಂದಿಲ್ಲವೆಂದು ಕೃಷಿ ಇಲಾಖೆಗೆ ಅಲೆಯುವವರು ಮೊದಲು ಎಲ್ಲ ಖಾತೆಗಳ ಪಟ್ಟಿಯನ್ನೂ ನೋಡತಕ್ಕದ್ದು. ಆಧಾರ್ ಮೇಲೆ ಬರುವ ಹಣ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆಯೇ ಹೊರತು ರೈತ ದಿನವೂ ಬಳಸುವ ಬ್ಯಾಂಕಿಗಲ್ಲ. ಯಾವ ಬ್ಯಾಂಕಿಗೆ ಜೋಡಣೆಯಿದೆ ಎಂಬುದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ.

ಪಟ್ಟಿಯನ್ನು ಸೈಬರ್ ಅಂಗಡಿಯಲ್ಲಿ ತೆಗೆಸಿದರೆ ಅಲ್ಲಿನ ಕಂಪ್ಯೂಟರಿನಿಂದ ಕಡತವನ್ನು ಅಳಿಸಿಯೇ ಏಳಬೇಕು. ಅದರಲ್ಲಿ ಹೆಸರು, ವಿಳಾಸ, ಖಾತೆ ಸಂಖ್ಯೆ, ಇರುವ ಹಣ ಎಲ್ಲವೂ ಇರುತ್ತದೆ. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎ.ಪಿ.ಕೆ. ಕಡತಗಳನ್ನು ತೆರೆಯಲೇ ಕೂಡದು. ಪಟ್ಟಿಯಲ್ಲಿ ತಾನು ಮಾಡದ ಖರ್ಚು ಕಂಡರೆ ಕೂಡಲೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸೂಚನೆಯಂತೆ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕನದಾಗುವುದಿಲ್ಲ. ಒ.ಟಿ.ಪಿ.ಯನ್ನು ತಾನೇ ಹೇಳಿಕೊಟ್ಟವನಿಗೆ ಈ ರಕ್ಷಣೆಯಿಲ್ಲ, ದೂರು ಕೊಡುವವರೆಗೆ ಹೋದ ಹಣ ಅವನದೇ ನಷ್ಟ.

ಮೇ-ಜೂನ್ ತಿಂಗಳ ಪಟ್ಟಿಯನ್ನು ಮನೆಯವರೆಲ್ಲ ಸೇರಿ ನೋಡಬೇಕು. ಉಳಿತಾಯ ಖಾತೆಯಲ್ಲಿ 20 ರೂಪಾಯಿ ಅಥವಾ 436 ರೂಪಾಯಿ ಖರ್ಚು ಕಂಡರೆ ಬ್ಯಾಂಕು ಏನೋ ಕಡಿದುಕೊಂಡಿದೆ ಎಂದು ಬೈದು ಬಿಡುವ ಮುನ್ನ ಅದರ ಎದುರಿನ ವಿವರ ಓದಬೇಕು. ಸಾಮಾನ್ಯವಾಗಿ 20 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದು, 436 ರೂಪಾಯಿ ಜೀವನ್ ಜ್ಯೋತಿ ಬಿಮಾ ಯೋಜನೆಯದು. 2022ರ ಜೂನ್‌ನಲ್ಲಿ ಈ ದರಗಳು ಜಾರಿಗೆ ಬಂದವು. ಮೊದಲನೆಯದು ಅಪಘಾತದ ಸಾವಿಗೆ, ಎರಡನೆಯದು ಯಾವುದೇ ಕಾರಣದ ಸಾವಿಗೆ, ತಲಾ 2 ಲಕ್ಷ ರೂಪಾಯಿ. ಹಾವು ಕಚ್ಚಿ ಸತ್ತರೂ ಮರದಿಂದ ಬಿದ್ದು ಸತ್ತರೂ ಆಸ್ಪತ್ರೆಯ ದಾಖಲೆ ಇದ್ದರೆ ಅಪಘಾತ ವಿಮೆ ಸಲ್ಲುತ್ತದೆ. ಎರಡು ಬ್ಯಾಂಕುಗಳಲ್ಲಿ ಕಂತು ಬಿದ್ದಿದ್ದರೂ ಒಂದೇ ಪರಿಹಾರ, ಆದ್ದರಿಂದ ಒಂದನ್ನು ನಿಲ್ಲಿಸಬಹುದು. ಯಜಮಾನನಿಗೆ ಮಾತ್ರ ಗೊತ್ತಿದ್ದು, ಅವನು ಹೋದ ಮೇಲೆ ಮನೆಯಾಕೆಗೆ ಇಂಥದೊಂದು ವಿಮೆ ಇತ್ತೆಂಬುದೇ ತಿಳಿಯದೆ ಹೋದರೆ ಆ ಹಣವನ್ನು ಕೇಳುವವರು ಯಾರು? ಕಂತು ಬಿದ್ದ ಸಾಲಿಗೆ ಗೆರೆ ಎಳೆದು, ಆ ಹಾಳೆಯ ಮುದ್ರಿತ ಪ್ರತಿಯನ್ನು ಪಹಣಿ, ರೇಷನ್ ಕಾರ್ಡುಗಳಿರುವ ಪೆಟ್ಟಿಗೆಯಲ್ಲಿಯೇ ಇಡಬೇಕು. ನಾಮಿನಿಯಾಗಿ ಯಾರ ಹೆಸರಿದೆ ಎಂಬುದನ್ನೂ ಅದೇ ದಿನ ಬ್ಯಾಂಕಿನಲ್ಲಿ ಕೇಳಿ ಹಾಳೆಯ ಹಿಂದೆ ಬರೆದಿಡಬೇಕು.