ಬೆಳಕಿನ ವೇಗವೂ ನೋಡುವವನ ನೆಲೆಯೂ



ದೀಪವನ್ನು ಹೊತ್ತಿಸಿದೊಡನೆಯೇ ಮನೆಯೆಲ್ಲವೂ ಬೆಳಗುವುದು. ಬೆಳಕು ದೀಪದಿಂದ ಹೊರಟು ಗೋಡೆಯನ್ನು ಮುಟ್ಟುವುದಕ್ಕೆ ಕಾಲವೇನಾದರೂ ಹಿಡಿಯುವುದೋ ಎಂಬ ಸಂಶಯವು ಸಾಮಾನ್ಯರ ಮನಸ್ಸಿನಲ್ಲಿ ಹುಟ್ಟುವುದೇ ಇಲ್ಲ. ಆದರೆ ಈ ಚಿಕ್ಕ ಸಂಶಯದ ಬೆನ್ನುಹತ್ತಿ ಹೊರಟ ಪಾಶ್ಚಾತ್ಯ ಪಂಡಿತರು ಕೊನೆಗೆ ಕಾಲವೆಂದರೇನು, ದೇಶವೆಂದರೇನು ಎಂಬ ಮಹಾಪ್ರಶ್ನೆಗಳ ಬಾಗಿಲಿಗೇ ಬಂದು ನಿಂತರು. ಅವರು ನಡೆದ ಹಾದಿಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಉಪನ್ಯಾಸದ ಉದ್ದೇಶವು.

ಬೆಳಕಿಗೂ ಪ್ರಯಾಣಕಾಲವುಂಟೆಂಬುದಕ್ಕೆ ಆಕಾಶವೇ ಮೊದಲು ಸಾಕ್ಷಿ ನುಡಿಯಿತು. ಪ್ಯಾರಿಸ್ ನಗರದಲ್ಲಿದ್ದ ಡೆನ್ಮಾರ್ಕ್ ದೇಶದ ಜ್ಯೋತಿರ್ವಿದನಾದ ಓಲೆ ರೋಮರನು ಗುರುಗ್ರಹದ ‘ಅಯೋ’ ಎಂಬ ಚಂದ್ರನಿಗೆ ಹಿಡಿಯುವ ಗ್ರಹಣಗಳನ್ನು ಲೆಕ್ಕವಿಟ್ಟು ನೋಡಿದನು. ಭೂಮಿಯು ಗುರುವಿನಿಂದ ದೂರ ಸರಿದಂತೆಲ್ಲ ಗ್ರಹಣಗಳು ತಡವಾಗಿಯೂ, ಸಮೀಪಿಸಿದಂತೆಲ್ಲ ಬೇಗನೆಯೂ ಕಾಣುತ್ತಿದ್ದವು. ಹೆಚ್ಚಿದ ದೂರವನ್ನು ದಾಟಲು ಬೆಳಕಿಗೆ ಹೆಚ್ಚು ಕಾಲ ಬೇಕಾಗುವುದೆಂದು ಅವನು ೧೬೭೬ರಲ್ಲಿ ಸಾರಿದನು. ೧೮೪೯ರಲ್ಲಿ ಫ್ರಾನ್ಸಿನ ಫಿಜೋ ಎಂಬವನು ತಿರುಗುವ ಹಲ್ಲುಗಾಲಿಯ ಸಂದಿನಿಂದ ಬೆಳಕನ್ನು ಕಳುಹಿಸಿ, ಎಂಟು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಕನ್ನಡಿಯಿಂದ ಅದನ್ನು ಹಿಂದಿರುಗಿಸಿ, ಭೂಮಿಯ ಮೇಲೆಯೇ ಅದರ ವೇಗವನ್ನು ಅಳೆದನು. ನಿರ್ವಾತದಲ್ಲಿ ಆ ವೇಗವು ಸೆಕೆಂಡಿಗೆ ೨೯,೯೭,೯೨,೪೫೮ ಮೀಟರು. ೧೯೮೩ರಿಂದ ಮೀಟರಿನ ಅಳತೆಯನ್ನೇ ಈ ವೇಗದ ಆಧಾರದಿಂದ ನಿಶ್ಚಯಿಸಲಾಗಿದೆ.

ಇಲ್ಲಿ ಒಂದು ತೊಡಕುಂಟು. ವೇಗವೆಂದರೆ ಯಾವುದಕ್ಕೆ ಹೋಲಿಸಿದ ವೇಗ? ಗಂಟೆಗೆ ೬೦ ಮೈಲು ಓಡುವ ರೈಲುಬಂಡಿಯೊಳಗೆ ಒಬ್ಬನು ಮುಂದಕ್ಕೆ ೩ ಮೈಲಿನ ವೇಗದಿಂದ ನಡೆದರೆ, ಬಂಡಿಯೊಳಗಿನವರಿಗೆ ಅವನ ವೇಗವು ೩ ಮೈಲು, ನಿಲ್ದಾಣದಲ್ಲಿ ನಿಂತವರಿಗೆ ೬೩ ಮೈಲು. ಇಬ್ಬರ ಮಾತೂ ಸತ್ಯವೇ. ಅಳೆಯುವ ನೆಲೆಗಳು ಮಾತ್ರ ಬೇರೆ. ಈ ನೆಲೆಯನ್ನೇ ಭೌತಶಾಸ್ತ್ರಜ್ಞರು ನಿರ್ದೇಶನ ಚೌಕಟ್ಟು ಎನ್ನುವರು. ಸಮವೇಗದಿಂದ ನೇರವಾಗಿ ಸಾಗುವ ಹಡಗಿನ ಒಳಕೋಣೆಯಲ್ಲಿ ಕುಳಿತವನು ಯಾವ ಪ್ರಯೋಗವನ್ನು ಮಾಡಿದರೂ ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಹೇಳಲಾರನೆಂದು ಗೆಲಿಲಿಯೊ ೧೬೩೨ರಲ್ಲಿಯೇ ಬರೆದಿದ್ದನು.

ಹಾಗಾದರೆ ಬೆಳಕಿನ ವೇಗವು ಯಾವ ನೆಲೆಯಿಂದ ಅಳೆದದ್ದು? ನೀರಿಲ್ಲದೆ ತೆರೆಯಿಲ್ಲ, ಅದರಂತೆಯೇ ಬೆಳಕಿನ ತೆರೆಗಳಿಗೂ ವಿಶ್ವವನ್ನೆಲ್ಲ ತುಂಬಿಕೊಂಡಿರುವ ‘ಈಥರ್’ ಎಂಬ ಸೂಕ್ಷ್ಮವಸ್ತುವು ಆಧಾರವಾಗಿರಬೇಕೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಿದ್ದರು. ಭೂಮಿಯು ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು ವೇಗದಿಂದ ಸೂರ್ಯನನ್ನು ಸುತ್ತುತ್ತಿರುವುದರಿಂದ ಈಥರಿನ ಎದುರುಗಾಳಿಯು ಬೆಳಕಿನ ನಡೆಯಲ್ಲಿ ವ್ಯತ್ಯಾಸವನ್ನುಂಟುಮಾಡಲೇಬೇಕಷ್ಟೆ. ಇದನ್ನು ಪರೀಕ್ಷಿಸಲು ಮೈಕೆಲ್‌ಸನ್ ಮತ್ತು ಮಾರ್ಲೆ ಎಂಬಿಬ್ಬರು ೧೮೮೭ರಲ್ಲಿ ಅಮೇರಿಕದ ಕ್ಲೀವ್‌ಲೆಂಡ್ ನಗರದಲ್ಲಿ, ಪಾದರಸದ ಮೇಲೆ ತೇಲಿಬಿಟ್ಟ ಭಾರಿ ಕಲ್ಲುಚಪ್ಪಡಿಯ ಮೇಲೆ ಉಪಕರಣವನ್ನು ಹೂಡಿದರು. ಒಂದೇ ಕಿರಣವನ್ನು ಇಬ್ಭಾಗಿಸಿ, ಪರಸ್ಪರ ಲಂಬವಾದ ಎರಡು ದಾರಿಗಳಲ್ಲಿ ಕಳುಹಿಸಿ, ಮತ್ತೆ ಕೂಡಿಸಿ, ಉಂಟಾಗುವ ಕಪ್ಪುಬಿಳುಪು ಪಟ್ಟೆಗಳನ್ನು ಚಪ್ಪಡಿಯನ್ನು ತಿರುಗಿಸುತ್ತ ನೋಡಿದರು. ನಿರೀಕ್ಷಿಸಿದ್ದ ಪಲ್ಲಟದ ಇಪ್ಪತ್ತರಲ್ಲೊಂದು ಪಾಲಾದರೂ ಕಾಣಲಿಲ್ಲ. ಈಥರಿನಲ್ಲಿ ಶ್ರದ್ಧೆಯುಳ್ಳ ಮೈಕೆಲ್‌ಸನ್ನನಿಗೆ ಇದು ಬಯಸಿದ ಫಲವಾಗಿರಲಿಲ್ಲ. ಆದರೂ ಕಂಡುದನ್ನು ಕಂಡಂತೆಯೇ ಅವರು ಲೋಕದ ಮುಂದಿಟ್ಟರು.

ಈ ಒಗಟನ್ನು ಬಿಡಿಸಿದವನು ಆಲ್ಬರ್ಟ್ ಐನ್‌ಸ್ಟೈನನು. ೧೯೦೫ರಲ್ಲಿ ಅವನಿಗೆ ೨೬ ವರ್ಷ ವಯಸ್ಸು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿ. ಸಮವೇಗದಿಂದ ಚಲಿಸುವ ಎಲ್ಲ ನೆಲೆಗಳಲ್ಲಿಯೂ ಪ್ರಕೃತಿಯ ನಿಯಮಗಳು ಒಂದೇ ಎಂಬುದು ಅವನ ಮೊದಲನೆಯ ಸೂತ್ರ. ದೀಪವು ಚಲಿಸಲಿ, ನೋಡುವವನು ಚಲಿಸಲಿ, ನಿರ್ವಾತದಲ್ಲಿ ಬೆಳಕಿನ ವೇಗವು ಎಲ್ಲರಿಗೂ ಒಂದೇ ಎಂಬುದು ಎರಡನೆಯದು. ಇವೆರಡನ್ನೂ ಒಪ್ಪಿದರೆ ಎಲ್ಲರಿಗೂ ಸಮಾನವಾದ ಒಂದೇ ಕಾಲವೆಂಬ ಭಾವನೆಯನ್ನು ಬಿಡಬೇಕಾಗುವುದು. ಓಡುವ ಬಂಡಿಯ ನಟ್ಟನಡುವೆ ದೀಪವೊಂದು ಮಿಂಚಿತೆನ್ನೋಣ. ಅದರ ಬೆಳಕು ಹಿಂದಿನ ಗೋಡೆಯನ್ನೂ ಮುಂದಿನ ಗೋಡೆಯನ್ನೂ ಏಕಕಾಲದಲ್ಲಿ ಮುಟ್ಟಿತೆಂದು ಬಂಡಿಯೊಳಗಿನವನು ಹೇಳುವನು. ನೆಲದ ಮೇಲೆ ನಿಂತವನಿಗಾದರೋ ಹಿಂದಿನ ಗೋಡೆಯು ಬೆಳಕನ್ನು ಎದುರುಗೊಳ್ಳುತ್ತಲೂ, ಮುಂದಿನದು ಅದರಿಂದ ದೂರ ಸರಿಯುತ್ತಲೂ ಇರುವುದರಿಂದ, ಹಿಂದಿನ ಗೋಡೆಗೇ ಬೆಳಕು ಮೊದಲು ತಗಲುವುದು. ಒಬ್ಬನಿಗೆ ಏಕಕಾಲವಾದುದು ಮತ್ತೊಬ್ಬನಿಗೆ ಏಕಕಾಲವಲ್ಲ.

ಇದು ಬರಿಯ ಊಹೆಯಲ್ಲ. ಭೂಮಿಯ ವಾಯುಮಂಡಲದ ಎತ್ತರದಲ್ಲಿ ಹುಟ್ಟುವ ಮ್ಯೂಆನ್ ಎಂಬ ಕಣಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಅಷ್ಟರೊಳಗೆ ಬೆಳಕೇ ಸುಮಾರು ೬೬೦ ಮೀಟರು ಮಾತ್ರ ಸಾಗಬಲ್ಲದು. ಆದರೂ ಅವು ಹಲವು ಕಿಲೋಮೀಟರುಗಳನ್ನು ದಾಟಿ ನೆಲವನ್ನು ಮುಟ್ಟುತ್ತಿವೆ. ಏಕೆಂದರೆ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವ ಅವುಗಳ ಕಾಲವು ನಮ್ಮ ನೆಲೆಯಿಂದ ನೋಡಿದಾಗ ನಿಧಾನವಾಗುವುದು. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳನ್ನೂ, ವೇಗ ಮತ್ತು ಗುರುತ್ವ ಇವೆರಡರ ಪರಿಣಾಮಗಳನ್ನು ಗಣಿಸಿಯೇ ಸರಿಪಡಿಸಬೇಕಾಗಿದೆ.

ಈ ಸಿದ್ಧಾಂತಕ್ಕೆ ಸಾಪೇಕ್ಷತಾವಾದವೆಂಬ ಹೆಸರು ಬಂದುದರಿಂದ, ಎಲ್ಲವೂ ಅವರವರ ದೃಷ್ಟಿಗೆ ತಕ್ಕಂತೆ, ನಿಜವೆಂಬುದೇ ಇಲ್ಲ ಎಂದು ಕೆಲವರು ಅಪಾರ್ಥ ಮಾಡಿಕೊಳ್ಳುವರು. ಸಿದ್ಧಾಂತದ ತಿರುಳು ಇದಕ್ಕೆ ತೀರ ವಿರುದ್ಧವಾದುದು. ನೆಲೆ ಬದಲಾದಾಗ ಉದ್ದವೂ ಕಾಲವೂ ಬದಲಾಗುವುವು. ನಿಯಮವೂ ಬೆಳಕಿನ ವೇಗವೂ ಬದಲಾಗುವುದಿಲ್ಲ. ಒಬ್ಬನ ಅಳತೆ ತಿಳಿದಿದ್ದರೆ ಮತ್ತೊಬ್ಬನ ಅಳತೆಯನ್ನು ಗಣಿತದಿಂದ ತಪ್ಪಿಲ್ಲದೆ ಪಡೆಯಬಹುದು. ತನ್ನ ನೆಲೆಯೊಂದೇ ನೆಲೆಯೆಂಬ ಹಟಕ್ಕೂ ಅಲ್ಲಿ ಎಡೆಯಿಲ್ಲ, ಬಾಯಿಗೆ ಬಂದುದೆಲ್ಲ ಸತ್ಯವೆಂಬ ಸಡಿಲಿಕೆಗೂ ಎಡೆಯಿಲ್ಲ.

ಮೈಕೆಲ್‌ಸನ್ನನು ಈಥರಿನ ಮೇಲಣ ಮಮತೆಯನ್ನು ಕಡೆಯವರೆಗೂ ಪೂರ್ಣವಾಗಿ ಬಿಡಲಿಲ್ಲ. ೧೯೩೧ರಲ್ಲಿ ತೀರಿಕೊಂಡಾಗಲೂ ಅವನು ಬೆಳಕಿನ ವೇಗವನ್ನು ಇನ್ನೂ ನಿಖರವಾಗಿ ಅಳೆಯುವ ಕಾರ್ಯದಲ್ಲಿಯೇ ತೊಡಗಿದ್ದನು. ಅವನ ನಂಬಿಕೆಯು ಹಿಂದೆ ಬಿದ್ದಿತು, ಅವನ ಅಳತೆಯು ಉಳಿಯಿತು. ತನಗೆ ಪ್ರಿಯವಾದ ಮತಕ್ಕೆ ಪ್ರತಿಕೂಲವಾದ ಫಲವನ್ನೂ ಮರೆಮಾಚದೆ ಬರೆದಿಡುವ ಧೈರ್ಯವೇ ಶಾಸ್ತ್ರದ ಬಲವು. ಇಂದಿನ ವಿದ್ಯಾರ್ಥಿಗಳು ಸೂತ್ರಗಳೊಡನೆ ಈ ಧೈರ್ಯವನ್ನೂ ಕಲಿತರೆ ಅವರ ವಿದ್ಯೆಯು ಸಾರ್ಥಕವಾಗುವುದು.